ಈರಬೊಮ್ಮ ಕಲಿತ ಕೋಳಿಪಾಠ

ಕೇಳೋರು ಕಾಲು ಚಾಚಿ ಕೂತುಕೊಳ್ಳಿ, ಈರಬೊಮ್ಮನ ಕತೆಯನ್ನು ನಿಂತುಕೊಂಡು ಕೇಳಿ ಮುಗಿಸಿದವರು ಯಾರೂ ಇಲ್ಲ. ತಿಪ್ಪಕ್ಕನಿಗೆ ಒಬ್ಬಳು ಮಗಳು, ಒಬ್ಬ ಮಗ. ಮಗಳು ಕೆಂಚಿ ಗಂಡನ ಮನೆಯಲ್ಲಿ ತುಂಬಿದ ಬಸುರಿ. ಮಗ ಈರಬೊಮ್ಮ, ಮೀಸೆ ಬಂದ ಆಳು. ಮೀಸೆ ಬಂದಿತ್ತು, ಬುದ್ಧಿ ಇನ್ನೂ ದಾರಿಯಲ್ಲಿತ್ತು. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು, ತೊಂದರೆಯೆಲ್ಲ ಅದರಲ್ಲೇ ಇತ್ತು. ಕೆಂಚಿಯ ಹೆರಿಗೆಗೆ ತಿಪ್ಪಕ್ಕ ಹೋಗಲೇಬೇಕು. ಹೋದರೆ ಕೋಳಿಗಳನ್ನು ನೋಡುವವರು ಯಾರು? ಮನೆ ನಡೆಯುತ್ತಿದ್ದದ್ದೇ ಆ ಕೋಳಿಗಳಿಂದ. ಅದಕ್ಕೇ ಹೊರಡುವುದರೊಳಗೆ ಮಗನಿಗೆ ಕೋಳಿ ಸಾಕುವುದನ್ನು ಕಲಿಸಿಬಿಡಬೇಕೆಂದು ಅವಳು ಹಟ ಹಿಡಿದಳು.

ಮೊದಲು ಮೇಲುಕೇರಿಯಿಂದ ಒಂದು ಕೆಂಪು ಹೇಂಟೆ ತಂದು, ಬಿಡು ಅಂದಳು. ಬಿಟ್ಟ. ಅದು ಸೀದಾ ಮೇಲುಕೇರಿಯ ದಾರಿ ಹಿಡಿಯಿತು. ಅದಕ್ಕೆ ದಾರಿ ಹೇಗೆ ಗೊತ್ತೋ ನೋಡೋಣವೆಂದು ಈರಬೊಮ್ಮನೂ ಹಿಂದೆಯೇ ನಡೆದ. ಅದು ಹಳೆಯ ಮನೆಯ ಗೋಡೆ ಹತ್ತಿ ಕೂತದ್ದನ್ನು ಕಣ್ತುಂಬ ನೋಡಿಕೊಂಡು ಬರಿಗೈಯಲ್ಲಿ ವಾಪಸು ಬಂದ.

ತಿಪ್ಪಕ್ಕ ಹಣೆ ಚಚ್ಚಿಕೊಂಡಳು. “ಹೊಸದಾಗಿ ಮನೆಗೆ ಬಂದಿದ್ದನ್ನ ಹಂಗೆ ಬಿಡ್ತಾರೇನೋ? ಒರಳುಕಲ್ಲು ಸುತ್ತಿಸಿ ಮಂಕರಿ ಬುಟ್ಟಿ ಕೆಳಗೆ ಮುಚ್ಚಬೇಕು. ಇದು ನಮ್ಮನೆ ಅಂತ ಅದಕ್ಕೆ ಅನ್ನಿಸಬೇಕು.”

ಸರಿ, ಅಂದ ಈರಬೊಮ್ಮ.

ಮಾರನೆಯ ದಿನ ಅವ್ವ ನೀರಿಗೆ ಹೋಗಿದ್ದಾಗ ಕೆಂಚಿಯ ಗಂಡ ಬಂದ, ಹೊಸ ಪಂಚೆ ಉಟ್ಟುಕೊಂಡು. ಈರಬೊಮ್ಮ ಭಾವನ ಕೈ ಹಿಡಿದು ಒರಳುಕಲ್ಲು ಸುತ್ತಿಸಿದ. ಇದೇನೋ ಈ ಮನೆಯ ಪದ್ಧತಿ ಇರಬೇಕೆಂದು ಅವನೂ ಸುತ್ತಿದ. ಸುತ್ತಿ ಕೂತದ್ದೇ ತಡ, ಮೇಲೆ ದೊಡ್ಡ ಮಂಕರಿ ಬಿತ್ತು, ಮಂಕರಿಯ ಮೇಲೆ ಈರಬೊಮ್ಮ ಕೂತ. ತಿಪ್ಪಕ್ಕ ಕೊಡ ಹೊತ್ತು ಬಂದಾಗ ಮಗ ಬಗ್ಗಿ ಬಗ್ಗಿ ಕೇಳುತ್ತಿದ್ದ, “ಭಾವ, ಇದು ನಿಮ್ಮನೆ ಅನ್ನಿಸ್ತಾ? ಇನ್ನೂ ಇಲ್ವಾ?”

ಅವಳಿಗೆ ಮಾನ ಹೋದ ಹಾಗಾಯಿತು. ಅಳಿಯನ ಕೈಕಾಲು ಹಿಡಿದು, ಉಣ್ಣಿಸಿ ಕಳಿಸಿದ ಮೇಲೆ ಮಗನ ಕಿವಿ ಹಿಂಡಿದಳು. ಬಾಗಿಲಿಗೆ ಬಂದವರಿಗೆ ಬನ್ನಿ ಅನ್ನಬೇಕು, ಉಂಡು ಹೋಗಿ ಅನ್ನಬೇಕು, ಅಷ್ಟೂ ಗೊತ್ತಾಗೋದಿಲ್ಲವೇ ಅಂದಳು.

ಸರಿ, ಅಂದ.

ಆಮೇಲೆ ಬಂದದ್ದು ಮುಂಗುಸಿ. ಗೂಡಿನ ಬಾಗಿಲಲ್ಲಿ ಮೂಗು ಆಡಿಸುತ್ತಾ ನಿಂತಿತ್ತು. ಈರಬೊಮ್ಮ ಬನ್ನಿ ಅಂದ. ಗೂಡಿನ ಬಾಗಿಲು ತೆಗೆದು ಉಂಡು ಹೋಗಿ ಅಂದ. ಅದು ಚುಕ್ಕೆ ಹೇಂಟೆಯ ಕತ್ತನ್ನು ಎಲ್ಲಿ ಹಿಡಿಯುತ್ತದೆ, ಹೇಗೆ ಎಳೆಯುತ್ತದೆ ಅಂತ ಕುಕ್ಕರಗಾಲಲ್ಲಿ ಕೂತು ನೋಡಿದ. ತಿಪ್ಪಕ್ಕ ಸತ್ತ ಹೇಂಟೆಗಾಗಿ ಗೋಳಾಡಿದಳು. ಗೂಡಿನ ಹತ್ತಿರ ಯಾರೇ ಸುಳಿಯಲಿ, ಕೈಗೆ ಸಿಕ್ಕಿದ್ದನ್ನು ತಗೊಂಡು ಅಟ್ಟು ಅಂದಳು. ಸಂಜೆ ಮೊಟ್ಟೆ ತೆಗೆಯಲು ಅವಳೇ ಗೂಡಿನ ಹತ್ತಿರ ಹೋದಾಗ ಪೊರಕೆ ಹಿಡಿದು ಅವಳನ್ನೇ ಅಟ್ಟಿದ. ಪಕ್ಕದ ಮನೆ ಸಣ್ಣೀರಮ್ಮನ ಜಗುಲಿ ಸಿಕ್ಕಿದ್ದರಿಂದ ಪಾಪ ಉಳಿದುಕೊಂಡಳು.

ಅಷ್ಟರಲ್ಲಿ ಕರಿ ಹೇಂಟೆ ಕಾವಿಗೆ ಕೂತಿತು. ಈರಬೊಮ್ಮನಿಗೆ ಊಟ ತಿಂಡಿಯ ನೆನಪೇ ಹೋಯಿತು. ಗೂಡಿನ ಮುಂದೆ ಬೋರಲು ಮಲಗಿ ನೋಡುವುದೇ ಕೆಲಸ. ಅದು ಕೊಕ್ಕಿನಿಂದ ಮೊಟ್ಟೆ ಮಗುಚುವುದೇಕೆ? ಕಾವು ಸಾಕು ಅಂತ ಅದಕ್ಕೆ ಹೇಳುವವರು ಯಾರು? ಒಳಗಿರುವುದಕ್ಕೆ ಕತ್ತಲಲ್ಲಿ ಭಯವಾಗುವುದಿಲ್ಲವೇ?

ಒಂದು ಬೆಳಗ್ಗೆ ಮೊಟ್ಟೆಯೊಂದು ಬಿರುಕು ಬಿಟ್ಟಿತು. ಒಳಗಿನಿಂದ ಚಿಂವ್ ಚಿಂವ್. ಪಾಪ ಅನ್ನಿಸಿ ಈರಬೊಮ್ಮ ಉಗುರು ಹಾಕಲು ಹೋದ. ತಿಪ್ಪಕ್ಕ ಕೈ ಹಿಡಿದುಕೊಂಡಳು.

“ಮುಟ್ಟಬ್ಯಾಡ. ಹೊರಗಿಂದ ಬಿಡಿಸಿದರೆ ಕಾಲಿಗೆ ಬಲ ಬರಲ್ಲ. ಎಷ್ಟೇ ಕೂಗಲಿ, ಒಳಗಿಂದ ಅದೇ ಕುಟ್ಟಿಕೊಂಡು ಬರಬೇಕು.”

ಈರಬೊಮ್ಮ ಕೈ ಹಿಂದಕ್ಕೆ ಕಟ್ಟಿಕೊಂಡು ಕೂತ. ಒಂದನ್ನೂ ಮುಟ್ಟಲಿಲ್ಲ. ಸಂಜೆಯ ಹೊತ್ತಿಗೆ ಮರಿಗಳೆಲ್ಲ ಹೊರಬಂದು ಕರಿ ಹೇಂಟೆಯ ರೆಕ್ಕೆಯಡಿ ಸೇರಿದ್ದವು. ತಿಪ್ಪಕ್ಕನಿಗೆ ನಂಬಲಾಗದಷ್ಟು ಸಂತೋಷವಾಯಿತು. ಮಗ ಕಲಿತ, ಇನ್ನು ಧೈರ್ಯವಾಗಿ ಹೋಗಬಹುದು ಅಂದುಕೊಂಡಳು. ಕೆಂಚಿಗೆ ಇವತ್ತೋ ನಾಳೆಯೋ ಅಂತ ಸುದ್ದಿಯೂ ಬಂತು.

ಬೆಳಗ್ಗೆ ಊರಿಗೆ ಬರುವುದು ಒಂದೇ ಬಸ್ಸು. ಗಂಟು ಕಟ್ಟಿಟ್ಟು, ಕೊನೆಯದಾಗಿ ನುಚ್ಚು ಹಾಕಿ ಬರೋಣವೆಂದು ತಿಪ್ಪಕ್ಕ ಗೂಡು ಇಟ್ಟಿದ್ದ ಕೋಳಿ ಕೋಣೆಯೊಳಗೆ ಹೋದಳು. ಗಾಳಿಗೆ ಬಾಗಿಲು ಬಡಿದು ಹೊರಗಿನ ಚಿಲಕ ಬಿತ್ತು. ಅವಳು ಒಳಗಿನಿಂದ ಬಡಿದು ಮಗನನ್ನು ಕೂಗಿದಳು.

ಈರಬೊಮ್ಮ ಓಡಿ ಬಂದ. ಚಿಲಕಕ್ಕೆ ಕೈ ಹಾಕಿದ. ತಟ್ಟನೆ ಕೈ ಹಿಂದಕ್ಕೆ ಎಳೆದುಕೊಂಡ. ಬಾಗಿಲ ಮುಂದೆ ಕೂತು, ಅವ್ವನ ಮೇಲೆ ಇಲ್ಲದ ಮಮತೆ ಉಕ್ಕಿ ಹೇಳಿದ, “ಕುಟ್ಟವ್ವ, ಇನ್ನೂ ಜೋರಾಗಿ ಕುಟ್ಟು.”

ಅವಳು ಬೈದಳು, ಗೋಗರೆದಳು, ಕೆಂಚಿಯ ಮೇಲೆ ಆಣೆ ಇಟ್ಟಳು. ಎಷ್ಟೇ ಕೂಗಲಿ ಅಂತ ಅವ್ವನೇ ಹೇಳಿದ್ದಳಲ್ಲ. ಅವನು ಕೈ ಹಿಂದಕ್ಕೆ ಕಟ್ಟಿಕೊಂಡು, ಬಿರುಕು ಎಲ್ಲಿ ಬಿಡಬಹುದೆಂದು ಬಾಗಿಲನ್ನೇ ನೋಡುತ್ತಿದ್ದ. ಊರ ಮುಂದೆ ಬಸ್ಸಿನ ಹಾರನ್ ಕೇಳಿಸಿತು. ತಿಪ್ಪಕ್ಕ ಸೀರೆ ಎತ್ತಿಕಟ್ಟಿ ಒದ್ದಳು, ಮತ್ತೆ ಒದ್ದಳು. ಗೆದ್ದಲು ತಿಂದ ಹಲಗೆ ಲಟಕ್ಕನೆ ಮುರಿಯಿತು. ಮೊದಲು ತಲೆ ಬಂತು, ಆಮೇಲೆ ಹೆಗಲು. ತಲೆ ತುಂಬ ಪುಕ್ಕ. ಮಗನಿಗೆ ಎರಡು ಬಿಗಿಯಲೂ ಹೊತ್ತಿಲ್ಲದೆ ಗಂಟು ಎತ್ತಿಕೊಂಡು ಓಡಿದಳು. ಹೊರಟಿದ್ದ ಬಸ್ಸನ್ನು ಬೆನ್ನಟ್ಟಿ, ಕಂಬಿ ಹಿಡಿದು ಹತ್ತಿಯೇ ಬಿಟ್ಟಳು.

ಸದ್ದು ಕೇಳಿ ಹೊರಗೆ ಬಂದ ಸಣ್ಣೀರಮ್ಮ, ನಿಮ್ಮವ್ವನಿಗೆ ಬಸ್ಸು ಸಿಕ್ಕಿತೇನೋ ಎಂದು ಕೇಳಿದಳು.

“ಸಿಕ್ಕದೆ ಏನು” ಅಂದ ಈರಬೊಮ್ಮ. “ನಾನೇನಾದರೂ ಬಾಗಿಲು ತೆಗೆದಿದ್ದರೆ ಆ ಕಾಲಲ್ಲಿ ಎಲ್ಲಿ ಓಡ್ತಿದ್ದಳು?”