ಪರದೆಯ ಮೇಲೆ ಐವತ್ತು ಡಿಗ್ರಿ

“ತಾಯೀ, ಮೊದಮೊದಲು ದ್ಯಾಮವ್ವ ಬಂದು ದೂರು ಹೇಳಿದಾಗ ನನ್ನ ಎದೆ ಉರಿಯುತ್ತಿತ್ತು. ಈಗ ಅದು ಅವಳ ಕರ್ಮವೆಂದು ಮನಸ್ಸಿಗೆ ಹೇಳಿಕೊಳ್ಳುತ್ತೇನೆ. ಅದೇ ದೂರನ್ನು ಕೇಳಿದರೂ ಒಳಗೆ ಏನೂ ಅಲುಗುವುದಿಲ್ಲ. ಇದು ಸಮಚಿತ್ತವಲ್ಲವೇ?”

ಕೇಳಿದವಳು ಆಶ್ರಮದ ಅಡುಗೆಮನೆಯ ಹೊಣೆ ಹೊತ್ತ ಶಿಷ್ಯೆ. ದ್ಯಾಮವ್ವ ಅಲ್ಲಿ ಪಾತ್ರೆ ತೊಳೆಯುವ ಹೆಂಗಸು. ಉಗ್ರಾಣ ನೋಡಿಕೊಳ್ಳುವವನು ತನ್ನನ್ನು ಸೌದೆಯಿಂದ ಹೊಡೆಯುತ್ತಾನೆಂಬುದು ಅವಳ ದೂರು. ಅದು ಗುರುಮಾತೆಯ ಕಿವಿಗೆ ಬಿದ್ದದ್ದು ಈಗಲೇ. ಅವರು ಜಪಮಾಲೆಯನ್ನು ಕೆಳಗಿಟ್ಟರು. ಕುಳಿತುಕೋ, ನಡುವೆ ಬಾಯಿ ಹಾಕಬೇಡ ಎಂದು ಹೇಳಿ ಈ ಕತೆಯನ್ನು ಆರಂಭಿಸಿದರು.

ಒಂದು ಆಸ್ಪತ್ರೆಯಲ್ಲಿ ಒಂದು ಕಂಪ್ಯೂಟರ್ ಇತ್ತು. ಯಾವ ರೋಗಿಗೆ ಯಾವ ಮದ್ದು ಆಗದು ಎಂಬುದು ಅದರಲ್ಲಿ ದಾಖಲಾಗಿತ್ತು. ಅದನ್ನು ಕಾಯಲು ಒಬ್ಬ ತಂತ್ರಜ್ಞನಿದ್ದ. ಯಂತ್ರದ ಒಳಗೆ ಶಾಖ, ವೋಲ್ಟೇಜು, ಫ್ಯಾನಿನ ವೇಗ ಇವುಗಳನ್ನು ಅಳೆಯುವ ಸೆನ್ಸರುಗಳಿದ್ದವು. ಡ್ರೈವರ್ ಎಂಬ ತಂತ್ರಾಂಶ ಆ ಅಳತೆಗಳನ್ನು ಹೊರಗೆ ತಂದು ಅವನ ಮೇಜಿನ ಪರದೆಗೆ ಮುಟ್ಟಿಸುತ್ತಿತ್ತು. ಆದರೆ ಸೆನ್ಸರು ಕೊಡುವುದು ಬರಿಯ ಅಂಕಿ. ಅದನ್ನು ಡಿಗ್ರಿಗೆ ತಿರುಗಿಸುವ ಲೆಕ್ಕ ಒಂದೊಂದು ಯಂತ್ರಕ್ಕೆ ಒಂದೊಂದು ಬಗೆ. ಅದನ್ನು ತಂತ್ರಜ್ಞನೇ ಬರೆದುಕೊಡಬೇಕು. ಆ ಅಧಿಕಾರವನ್ನು ಅವನಿಗೆ ಕೊಟ್ಟದ್ದು ಯಂತ್ರ ನಿಜ ಹೇಳಲೆಂದು.

ಒಂದು ಬೇಸಿಗೆಯಲ್ಲಿ ಪರದೆ ತೊಂಬತ್ತು ಡಿಗ್ರಿ ತೋರಿಸಿತು. ಎಚ್ಚರಿಕೆಯ ಗಂಟೆ ಬಡಿಯಿತು. ತಂತ್ರಜ್ಞ ಓಡಿಹೋಗಿ ನೋಡಿದ. ಯಂತ್ರ ನಡೆಯುತ್ತಿತ್ತು. ಮತ್ತೆ ಬಡಿದಾಗ ನಿಧಾನವಾಗಿ ಹೋದ. ಅದರ ಮೇಲೆ ಬಡಿದಾಗ ಕುಳಿತಲ್ಲೇ ಯೋಚಿಸಿದ. ಇಷ್ಟು ಕಾದ ಯಂತ್ರ ನಡೆಯಲಾರದು, ಇದು ನಡೆಯುತ್ತಿದೆ, ಆದ್ದರಿಂದ ಲೆಕ್ಕವೇ ತಪ್ಪಿರಬೇಕು. ಅವನು ಲೆಕ್ಕದಲ್ಲಿ ನಲವತ್ತು ಕಳೆದ. ಪರದೆ ಐವತ್ತು ತೋರಿಸಿತು. ಗಂಟೆ ಸುಮ್ಮನಾಯಿತು.

ಆಮೇಲೆ ಫ್ಯಾನಿನ ವೇಗ ಸೊನ್ನೆಗೆ ಇಳಿಯಿತು. ಆ ಸೆನ್ಸರಿನ ತಂತಿಗೆ ಫ್ಯಾನೇ ಜೋಡಿಸಿಲ್ಲವೆಂದು ತೀರ್ಮಾನಿಸಿ, ಆ ಅಳತೆಯನ್ನು ಕಡೆಗಣಿಸುವಂತೆ ಬರೆದಿಟ್ಟ. ವೋಲ್ಟೇಜು ಕುಸಿದಾಗ ಲೆಕ್ಕದಲ್ಲಿ ಆ ಅಂಕಿಯನ್ನೂ ಗುಣಿಸಿ ಮೇಲೆತ್ತಿದ. ಶಾಖ ಏರಿದಂತೆ ಇನ್ನಷ್ಟು ಕಳೆದ. ಈಗ ಎಲ್ಲ ಅಂಕಿಗಳೂ ಇರಬೇಕಾದಂತೆ ಇದ್ದವು. ಆಸ್ಪತ್ರೆಯ ಅಧಿಕಾರಿ ಬಂದು ನೋಡಿ, ಈ ಕಟ್ಟಡದಲ್ಲಿ ಜ್ವರವಿಲ್ಲದ್ದು ಇದೊಂದಕ್ಕೇ ಎಂದು ನಕ್ಕು ಹೋದ.

ಒಬ್ಬ ದಾದಿ ಯಾವುದೋ ಕೆಲಸಕ್ಕೆ ಆ ಕೋಣೆಗೆ ಹೋದವಳು ಯಂತ್ರದ ಮೇಲೆ ಕೈಯೂರಿ, ಚಟ್ಟನೆ ಹಿಂದೆಗೆದಳು. ನೇರವಾಗಿ ತಂತ್ರಜ್ಞನ ಮೇಜಿಗೆ ಬಂದಳು.

“ಅದನ್ನು ಮುಟ್ಟಿ ನೋಡಿದ್ದೀರಾ, ಸಾರ್?”

“ಮುಟ್ಟುವುದೇಕೆ, ಸಿಸ್ಟರ್? ಇಲ್ಲಿ ಐವತ್ತು ಎಂದಿದೆ. ನಿಮ್ಮ ಕೈಗೇ ಜ್ವರ ಬಂದಿರಬೇಕು.”

ಮರುದಿನ ಪ್ರಜ್ಞೆಯಿಲ್ಲದ ಒಬ್ಬ ಹೆಂಗಸನ್ನು ಹೊತ್ತು ತಂದರು. ಒಂದು ಚುಚ್ಚುಮದ್ದು ಅವಳಿಗೆ ವಿಷವೆಂದು ಆ ಕಂಪ್ಯೂಟರಿನಲ್ಲಿತ್ತು. ವೈದ್ಯ ದಾಖಲೆ ಕೇಳಿದ. ಯಂತ್ರ ಆಗಷ್ಟೇ ಸುಟ್ಟು ನಿಂತಿತ್ತು. ವೈದ್ಯ ಕಾಯಬಹುದಾದಷ್ಟು ಕಾದು, ಆ ಚುಚ್ಚುಮದ್ದನ್ನೇ ಕೊಟ್ಟ. ಸಂಜೆಯ ಹೊತ್ತಿಗೆ ಅವಳ ಮುಖದ ಮೇಲೆ ಬಟ್ಟೆ ಎಳೆದರು.

ತಂತ್ರಜ್ಞ ಅವಳ ಗಂಡನೆದುರು ನಿಂತು, ತನ್ನ ಪರದೆಯಲ್ಲಿ ಕೊನೆಯವರೆಗೂ ಐವತ್ತೇ ಇತ್ತು ಎಂದ. ಅದು ಸುಳ್ಳಲ್ಲ. ಹೆಣದ ಪಕ್ಕದಲ್ಲಿ ನಿಂತು ಆ ನಿಜವನ್ನು ಹೇಳುವಾಗ ಅವನ ನಾಲಗೆ ತಡವರಿಸಲಿಲ್ಲ.

ಕತೆ ಮುಗಿಯಿತೆಂದುಕೊಂಡು ಶಿಷ್ಯೆ, ಅವನೆಂಥ ಮೂರ್ಖ ಎಂದಳು.

“ಮೂರ್ಖನಲ್ಲ. ಅವನಿಗೆ ಲೆಕ್ಕ ಬರುತ್ತಿತ್ತು. ಮೂರ್ಖನಾಗಿದ್ದರೆ ಗಂಟೆ ಬಡಿಯುತ್ತಲೇ ಇರುತ್ತಿತ್ತು.”

ಗುರುಮಾತೆ ಎದ್ದು ಉಗ್ರಾಣದ ಕಡೆಗೆ ಹೊರಟರು. ಅವರ ಹೆಜ್ಜೆ ಬಿರುಸಾಗಿತ್ತು. ದನಿ ಮಾತ್ರ ಏರಲಿಲ್ಲ. ಹೊಸ್ತಿಲಲ್ಲಿ ನಿಂತು, ತಿರುಗಿ ಕೇಳಿದರು:

“ದ್ಯಾಮವ್ವನ ಬೆನ್ನ ಮೇಲಿನ ಬಾಸುಂಡೆ ಇಳಿದಿದೆಯೇ?”