ಲಿವರ್ ಎಳೆಯುವವನ ಜಾಗ

ಹೊಳೆದಂಡೆಯ ಆ ಆಶ್ರಮದಲ್ಲಿ ಆಗ ಒಂದು ಪುಟ್ಟ ಟ್ರ್ಯಾಕ್ಟರ್ ಇತ್ತು. ತೋಟದ ಸಾಲುಗಳ ನಡುವೆ ಓಡಾಡಲೆಂದೇ ಮಾಡಿದ್ದು. ಗಾತ್ರದಲ್ಲಿ ಎಮ್ಮೆಗಿಂತ ತುಸು ದೊಡ್ಡದು, ಹಟ ಮಾತ್ರ ಎಮ್ಮೆಯದೇ.

ಅದನ್ನು ಓಡಿಸುತ್ತಿದ್ದವರು ಆಶ್ರಮದ ಗುರುಗಳು. ಎಲ್ಲರೂ ಅವರನ್ನು ಅಜ್ಜಾರು ಅನ್ನುತ್ತಿದ್ದರು.

ಹಿಂದಿನ ನೇಗಿಲನ್ನು ಎತ್ತಲು ಸೀಟಿನ ಬಲಕ್ಕೆ ಒಂದು ಉದ್ದನೆಯ ಕಬ್ಬಿಣದ ಲಿವರ್ ಇತ್ತು. ಸಾಲಿನ ಕೊನೆ ಬಂದಾಗಲೆಲ್ಲ ಅದನ್ನು ಎಳೆದು ನೇಗಿಲು ಎತ್ತಬೇಕು, ತಿರುಗಿದ ಮೇಲೆ ಮತ್ತೆ ಇಳಿಸಬೇಕು.

ಸಂಗನಬಸು ಆಶ್ರಮಕ್ಕೆ ಬಂದ ವರ್ಷ, ಸ್ಟಾರ್ಟ್ ಮಾಡುವ ಹ್ಯಾಂಡಲ್ ಹಿಂದಕ್ಕೆ ಹೊಡೆದು ಅಜ್ಜಾರ ಬಲಗೈ ಮುರಿದಿತ್ತು. ಮೆಕ್ಯಾನಿಕ್ ಕೆಲಸ ಬಿಟ್ಟು ಜ್ಞಾನ ಹುಡುಕಿಕೊಂಡು ಬಂದವನಿಗೆ ಅಜ್ಜಾರು ಕೊಟ್ಟ ದೀಕ್ಷೆ ಇಷ್ಟೇ: ಪಕ್ಕದಲ್ಲಿ ನಿಂತು ಲಿವರ್ ಎಳೆ.

ಹನ್ನೆರಡು ವರ್ಷ ಎಳೆದ. ಅಜ್ಜಾರು ಬಲಗೈಯನ್ನು ಶಾಲಿನೊಳಗೆ ಇಟ್ಟುಕೊಂಡು ಎಡಗೈಯಲ್ಲೇ ಸ್ಟೇರಿಂಗ್ ತಿರುಗಿಸುತ್ತಿದ್ದರು.

ಸಾಲಿಗೊಂದು ಪ್ರಶ್ನೆ ಎಂಬುದು ಅವರಿಬ್ಬರ ರೂಢಿ. ನೇಗಿಲು ಮೇಲೆದ್ದಾಗ ಎಂಜಿನ್ನಿನ ಸದ್ದು ತಗ್ಗುತ್ತದೆ, ಆಗ ಕೇಳಬೇಕು. ಉತ್ತರ ಮುಂದಿನ ತಿರುವಿನಲ್ಲಿ.

ದೇವರು ಎಲ್ಲಿದ್ದಾನೆ ಎಂದು ಸಂಗನಬಸು ಒಮ್ಮೆ ಕೇಳಿ, ಇಡೀ ಸಾಲು ಉಸಿರು ಬಿಗಿಹಿಡಿದು ನಿಂತಿದ್ದ. ಸಾಲಿನ ಕೊನೆಗೆ ಅಜ್ಜಾರು, ಮುಂದೆ ಕಲ್ಲಿದೆ, ಬೇಗ ಎತ್ತು ಅಂದರು. ಅದು ಉತ್ತರವೋ ಎಚ್ಚರಿಕೆಯೋ ಅವನಿಗೆ ಕೊನೆಗೂ ತಿಳಿಯಲಿಲ್ಲ.

ಇನ್ನೊಮ್ಮೆ, ನಾನು ಕಲಿಯುವುದು ಇನ್ನೆಷ್ಟು ಉಳಿದಿದೆ ಎಂದು ಕೇಳಿದ. ಅಂದು ಅಜ್ಜಾರು ಆರು ಸಾಲು ಹೊಡೆದರೂ ಬಾಯಿ ಬಿಡಲಿಲ್ಲ.

ಆ ದಿನಗಳನ್ನು ನೆನೆದರೆ ಸಂಗನಬಸುವಿಗೆ ಈಗಲೂ ಹೊಟ್ಟೆ ತಣ್ಣಗಾಗುತ್ತದೆ. ಆಗ ತಾನೇ ಮಗುಚಿದ ಮಣ್ಣಿನ ವಾಸನೆ, ಡೀಸೆಲ್ ಹೊಗೆ, ಹಿಂದೆ ಹುಳ ಹೆಕ್ಕುತ್ತ ಬರುವ ಬೆಳ್ಳಕ್ಕಿಗಳು. ಗುರುವಿಗೂ ಶಿಷ್ಯನಿಗೂ ನಡುವೆ ಒಂದು ಮೊಳ ಜಾಗ.

ಮೇಲಿನೂರಿನ ಆಶ್ರಮದ ಹಿರಿಯರು ತೀರಿಕೊಂಡು ಮೂರು ವರ್ಷವಾಗಿತ್ತು. ಅಲ್ಲಿಯ ಹೊಲ ಬೀಳು ಬಿದ್ದಿತ್ತು, ಸಂಜೆ ಪಾಠ ಹೇಳುವವರಿರಲಿಲ್ಲ. ಸಂಗನಬಸುವನ್ನು ಕಳಿಸಿಕೊಡಿ ಎಂದು ಆ ಊರಿನವರು ವರ್ಷವರ್ಷವೂ ಕೇಳುತ್ತಿದ್ದರು. ನನ್ನ ಕೈ ಸರಿಯಿಲ್ಲ, ಲಿವರ್ ಎಳೆಯುವವರು ಬೇಕು ಎಂದು ಅಜ್ಜಾರು ವರ್ಷವರ್ಷವೂ ಹೇಳಿ ಕಳಿಸುತ್ತಿದ್ದರು. ಅದನ್ನು ಕೇಳಿದಾಗಲೆಲ್ಲ ಶಿಷ್ಯನಿಗೆ ಒಳಗೊಳಗೇ ಖುಷಿ.

ಆ ವರ್ಷ ಎಂಜಿನ್ ನೀಲಿ ಹೊಗೆ ಕಾರತೊಡಗಿತು. ಪಿಸ್ಟನ್ ರಿಂಗು ಬದಲಿಸಲೆಂದು ಸಂಗನಬಸು ಅದನ್ನು ಬಿಚ್ಚಿ, ಸಾಮಾನನ್ನೆಲ್ಲ ಗೋಣಿತಟ್ಟಿನ ಮೇಲೆ ಹರಡಿಕೊಂಡು ಕೂತಿದ್ದ. ಅಜ್ಜಾರು ಬಂದು ನಿಂತರು.

“ಹೆಂಗೂ ಎಂಜಿನ್ ಬಿಚ್ಚೀದಿ. ಇದರಾಗ ಹೈಡ್ರಾಲಿಕ್ ಕೂಡ್ರಿಸಿಬಿಡು.”

“ಲಿವರ್ ಎಳ್ಯಾಕ ನಾ ಅದೀನಲ್ರೀ, ಅಜ್ಜಾರ.”

“ಅದಕ್ಕ ಹೇಳಾಕತ್ತೀನಿ.”

ಸಂಗನಬಸು ಕೈಯಲ್ಲಿದ್ದ ರಿಂಗನ್ನು ಗೋಣಿತಟ್ಟಿನ ಮೇಲಿಟ್ಟ. ಹೈಡ್ರಾಲಿಕ್ ಬಂದರೆ ಎಣ್ಣೆಯ ಒತ್ತಡಕ್ಕೇ ನೇಗಿಲು ಏಳುತ್ತದೆ. ಓಡಿಸುವವರು ಬೆರಳಿನಿಂದ ಒಂದು ಹಿಡಿಕೆ ತಳ್ಳಿದರೆ ಸಾಕು, ಪಕ್ಕದಲ್ಲಿ ಯಾರೂ ನಿಲ್ಲಬೇಕಿಲ್ಲ.

ಹಾಗಾದರೆ ನಾನು ಮೇಲಿನೂರಿಗೆ ಹೋಗಬೇಕೇ ಎಂದು ಕೇಳಿದ. ಅಜ್ಜಾರು ಹೌದೆಂದರು.

ಎರಡು ದಿನದ ಕೆಲಸವನ್ನು ಎಂಟು ದಿನ ಎಳೆದ. ಎಂಜಿನ್ ಜೋಡಿಸಿ, ಅದರ ಪುಲ್ಲಿಗೆ ಬೆಲ್ಟ್ ಹಾಕಿ ಪಂಪು ಕೂಡಿಸಿದ. ಸೀಟಿನ ಕೆಳಗೆ ಎಣ್ಣೆ ಟ್ಯಾಂಕು, ಹಿಂದೆ ನೇಗಿಲು ಎತ್ತುವ ಸಿಲಿಂಡರ್, ನಡುವೆ ಹೋಸ್ ಪೈಪು. ಹಳೆಯ ಲಿವರ್ ಕಳಚಿ ಗೋಡೆಗೆ ಒರಗಿಸುವಾಗ, ಅದರ ಹಿಡಿ ತನ್ನ ಅಂಗೈ ಅಳತೆಗೇ ಸವೆದಿರುವುದು ಕಂಡು ಕಣ್ಣು ತುಂಬಿತು.

ಪಾನಾ ಹಿಡಿದು ಎಲ್ಲ ನಟ್ಟೂ ಬಿಗಿದ. ಸಿಲಿಂಡರಿಗೆ ಪೈಪು ಸೇರುವಲ್ಲಿಯ ನಟ್ಟೊಂದನ್ನು ಮಾತ್ರ ಅರ್ಧ ಸುತ್ತು ಸಡಿಲ ಬಿಟ್ಟ.

ಮಾರನೆಯ ಬೆಳಗ್ಗೆ ಎಂಜಿನ್ ಚೊಕ್ಕವಾಗಿ ಸ್ಟಾರ್ಟ್ ಆಯಿತು. ಅಜ್ಜಾರು ಒಬ್ಬರೇ ಕೂತು ಮೊದಲ ಸಾಲು ಹೊಡೆದು, ಕೊನೆಗೆ ಬಂದು ಹಿಡಿಕೆ ತಳ್ಳಿದರು. ನೇಗಿಲು ಅರ್ಧ ಎದ್ದು, ನಿಧಾನವಾಗಿ ಮತ್ತೆ ಮಣ್ಣಿಗಿಳಿಯಿತು. ಎರಡನೇ ಸಲವೂ ಅಷ್ಟೇ.

ಬದುವಿನ ಮೇಲೆ ನಿಂತಿದ್ದ ಸಂಗನಬಸು, ಹಳೆಯ ಗಾಡಿಗೆ ಇದೆಲ್ಲ ಹೊಂದುವುದಿಲ್ಲವೇನೋ, ಲಿವರೇ ಇರಲಿ ಎಂದ. ತನ್ನ ದನಿ ಅವನಿಗೇ ಕಳ್ಳನ ದನಿಯಂತೆ ಕೇಳಿಸಿತು.

ಅಜ್ಜಾರು ಇಳಿದು ಹೋಗಿ ಸಿಲಿಂಡರಿನ ಬುಡ ಮುಟ್ಟಿ ನೋಡಿದರು. ಬೆರಳಿಗೆ ಎಣ್ಣೆ ಹತ್ತಿತು.

“ಹನ್ನೆರಡು ವರ್ಷದಾಗ ನೀ ಬಿಗಿದ ನಟ್ಟು ಒಂದೂ ಸಡ್ಲ ಆಗಿಲ್ಲ,” ಅಂದರು.

ಸಂಗನಬಸು ತಲೆ ತಗ್ಗಿಸಿದ. ಬೇಕೆಂದೇ ಸಡಿಲ ಬಿಟ್ಟೆನೆಂದು ಒಪ್ಪಿಕೊಂಡ.

“ಇದು ಎತ್ತಿತಂದ್ರ ನಿಮ್ಮ ಬಾಜೂಕ ನನ್ನ ಜಾಗ ಇರೂದಿಲ್ರೀ. ಅಲ್ಲಿ ಹೋಗಿ ನಾ ಯಾರನ್ನ ಕೇಳ್ಲಿ?”

ಅಜ್ಜಾರು ಶೆಡ್ಡಿಗೆ ಹೋಗಿ ಹಳೆಯ ಲಿವರನ್ನು ಎಡಗೈಯಲ್ಲೇ ಹೊತ್ತು ತಂದರು. ಸಿಲಿಂಡರನ್ನು ನೇಗಿಲಿಗೆ ಸೇರಿಸಿದ್ದ ಪಿನ್ನು ತೆಗೆದು, ಲಿವರನ್ನು ಅದರ ಮೊದಲಿನ ಜಾಗಕ್ಕೆ ಸಿಕ್ಕಿಸಿದರು. ಆಮೇಲೆ ಶಾಲು ತೆಗೆದು ಸೀಟಿನ ಮೇಲೆ ಇಟ್ಟರು.

ಬಲಗೈಯಲ್ಲಿ ಹಿಡಿದು, ಒಂದೇ ಎಳೆತಕ್ಕೆ ನೇಗಿಲನ್ನು ಎತ್ತಿ ನಿಲ್ಲಿಸಿದರು. ಅಂಟಿದ್ದ ಮಣ್ಣು ಉದುರಿತು. ಕೈ ಒಂದಿಷ್ಟೂ ನಡುಗಲಿಲ್ಲ.

ಸಂಗನಬಸು ಆ ಕೈಯನ್ನೇ ನೋಡುತ್ತ ನಿಂತ. ಅಜ್ಜಾರ ಕಣ್ಣಲ್ಲೂ ನೀರಿತ್ತು.

“ಈ ಕೈ ನೆಟ್ಟಗಾಗಿ ಹನ್ನೊಂದು ವರ್ಷ ಆತು,” ಅಂದರು ಅಜ್ಜಾರು. “ಹೋಗು, ಪಾನಾ ತಗೊಂಡು ಬಾ.”