ಬೆಕ್ಕಿನ ಕೆನ್ನೆ, ನಾಯಿಯ ಸುತ್ತು

ಲೋಕ ಇನ್ನೂ ಹಸಿ ಮಣ್ಣಿನ ವಾಸನೆ ಬಿಡುತ್ತಿದ್ದ ಕಾಲ. ಗುಡ್ಡಗಳು ಎಲ್ಲಿ ಕೂರಬೇಕು ಅಂತ ಆಗಷ್ಟೇ ಗೊತ್ತುಮಾಡಿಕೊಂಡಿದ್ದವು. ಹೊಳೆಗಳಿಗೆ ಮಾತ್ರ ಇನ್ನೂ ಒಂದು ನೆಲೆ ಸಿಕ್ಕಿರಲಿಲ್ಲ. ಇವತ್ತು ಇಲ್ಲಿ ಹರಿದರೆ ನಾಳೆ ಅಲ್ಲಿ.

ಅಂಥ ಒಂದು ಹೊಳೆಯ ದಂಡೆಯಲ್ಲಿ ಸಂಕವ್ವ, ಅವಳ ಗಂಡ ಜಟ್ಟಪ್ಪ ಮನೆ ಮಾಡಿಕೊಂಡಿದ್ದರು. ಜೊತೆಗೆ ಬೂದಿ ಅನ್ನುವ ಬೆಕ್ಕು, ಮೋಟ ಅನ್ನುವ ನಾಯಿ. ಬೂದಿ ಸದಾ ಒಲೆಯ ಪಕ್ಕ ಮಲಗುತ್ತಿದ್ದಳು, ಅದಕ್ಕೇ ಆ ಹೆಸರು. ಮೋಟನ ಬಾಲ ಮೋಟು. ಆದರೆ ಅಲ್ಲಾಡಿಸುವುದರಲ್ಲಿ ಏನೂ ಕಡಿಮೆ ಇರಲಿಲ್ಲ.

ಒಂದು ದಿನ ಹೊಳೆ ಸಂಕವ್ವನನ್ನು ಕರೆಯಿತು.

“ಯವ್ವಾ, ಸಿಟ್ಟಾಗಬ್ಯಾಡ. ನಾ ಸ್ವಲ್ಪ ಅಗಲ ಆಗಬೇಕಾಗೇತಿ. ನಿಮ್ಮ ಮನಿ ನನ್ನ ದಾರ್ಯಾಗ ಬರತೈತಿ.”

“ಅಲ್ಲಾ, ಮೊನ್ನೆ ತಾನ ಗ್ವಾಡಿಗೆ ಮಣ್ಣು ಮೆತ್ತೀನಿ!” ಅಂದಳು ಸಂಕವ್ವ.

“ಏನ ಮಾಡಲಿ? ಹಿಂದಿನ ನೀರು ದೂಡಾಕ ಹತ್ತೈತಿ,” ಅಂತ ಹೊಳೆ ಮೆಲ್ಲಗೆ ಹೇಳಿತು.

ಸಂಕವ್ವ ಗೊಣಗಿದಳು, ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ದಿಬ್ಬದ ಮೇಲೆ ಗಂಡ ಹೆಂಡತಿ ಹೊಸ ಮನೆ ಕಟ್ಟಿದರು. ನೆಲ ಸಾರಿಸಿದರು, ಗೋಡೆಗೆ ಸುಣ್ಣ ಬಳಿದರು. ಸಂಕವ್ವನಿಗೆ ಕೊಳೆ ಅಂದರೆ ಆಗದು. ಹೊಸ ಮನೆಗೆ ಹಳೇ ಕೊಳೆ ಬೇಡ ಅಂತ ಗಡಿಗೆ ತಿಕ್ಕಿದಳು, ಚಾಪೆ ತೊಳೆದಳು, ಕೌದಿ ಒಗೆದಳು. ಬೂದಿ ಮಲಗುವ ಗೋಣಿತಟ್ಟನ್ನೂ ಬಿಡದೆ ಬಂಡೆಗೆ ಬಡಿದು ಬಡಿದು ಒಗೆದಳು. ಬೂದಿ ದೂರ ಕುಳಿತು ಅದನ್ನೆಲ್ಲ ನೋಡಿದಳು.

ಸಾಮಾನು ಸಾಗಿಸಿದ ದಿನ ಮೋಟ ದಿಬ್ಬ ಹತ್ತಿ ಇಳಿದು, ಹತ್ತಿ ಇಳಿದು ಸುಸ್ತಾಗಿ ಹೋದ. ಕೆಲಸ ಒಂದೂ ಮಾಡಿರಲಿಲ್ಲ, ಆದರೆ ಓಡಾಟ ಎಲ್ಲರಿಗಿಂತ ಜಾಸ್ತಿ. ಸಂಜೆ ಹೊಸ ಮನೆಯೊಳಗೆ ಬಂದವನೇ ದೊಪ್ಪೆಂದು ಬಿದ್ದು ಮಲಗಿಬಿಟ್ಟ. ಎಲ್ಲರೂ ಬಂದರಾ, ಯಾರಾದರೂ ಉಳಿದರಾ, ಒಮ್ಮೆಯೂ ನೋಡಲಿಲ್ಲ. ಸಂಕವ್ವ ಎಲ್ಲಿದ್ದರೆ ಅವನಿಗೆ ಅಲ್ಲೇ ಮನೆ.

ಸಂಕವ್ವ ಹಾಲಿನ ಬಟ್ಟಲು ಇಟ್ಟು, “ಬೂದೀ, ಬಾರೇ” ಎಂದು ಕರೆದಳು. ಬೂದಿ ಬರಲಿಲ್ಲ.

ಗಾಳಿ ಕಿಟಕಿಯಿಂದ ಇಣುಕಿತು. “ಯಾರನ್ನ ಕರಿಯಾಕ ಹತ್ತೀ? ಆಕಿ ಹಳೇ ಮನ್ಯಾಗ ಒಲಿ ಮುಂದ ಕುಂತಾಳ.”

ಸಂಕವ್ವ ಬಟ್ಟಲು ಅಲ್ಲೇ ಬಿಟ್ಟಳು. ಮೋಟನನ್ನು ಎಬ್ಬಿಸಿಕೊಂಡು ದಿಬ್ಬ ಇಳಿದಳು. ನೀರು ಆಗಲೇ ಹಿತ್ತಲಿಗೆ ಬಂದಿತ್ತು. ಆರಿದ ಒಲೆಯ ಮುಂದೆ ಬೂದಿ ಮುದುರಿ ಕುಳಿತಿದ್ದಳು. ಸಂಕವ್ವ ಅವಳನ್ನು ಸೆರಗಿನಲ್ಲಿ ಸುತ್ತಿಕೊಂಡು ತಂದಳು. ಬೆಳಿಗ್ಗೆ ಎದ್ದು ನೋಡಿದರೆ ಮತ್ತೆ ಇಲ್ಲ!

ಮತ್ತೆ ಇಳಿದಳು. ಈ ಸಲ ಜಟ್ಟಪ್ಪನೂ ಬಂದ. ನೀರು ಹಿತ್ತಲ ಬಾಗಿಲು ಮುಟ್ಟಿತ್ತು, ಬೂದಿ ಮಾತ್ರ ಅದೇ ಒಲೆಯ ಮುಂದೆ ಕುಳಿತಿದ್ದಳು.

“ಮಧ್ಯಾಹ್ನದೊಳಗ ಈ ಮನಿ ನಂದು,” ಅಂದಿತು ಹೊಳೆ. “ಬೆಕ್ಕಿನ ಸಲುವಾಗಿ ನಿಲ್ಲಾಕ ನನಗ ಬರಂಗಿಲ್ಲವ್ವಾ. ನಿಲ್ಲೂದು ನಾ ಕಲತೇ ಇಲ್ಲ.”

“ಇಕಿನ್ನ ಹೊಸ ಮನಿಗೆ ಒಯ್ದು ಬುಟ್ಟಿ ಬೋರಲು ಹಾಕಿ ಇಡೂಣು,” ಅಂದ ಜಟ್ಟಪ್ಪ.

“ಇಡ್ರಿ,” ಅಂದಳು ಬೂದಿ. “ಬುಟ್ಟಿ ತೆಗೆದ ದಿನ ಇಲ್ಲಿಗೇ ಬರ್ತೀನಿ. ಮನಿ ಇರಲಿಲ್ಲಂದ್ರ ನೀರಾಗ ಇಳಿದು ಹುಡುಕ್ತೀನಿ.”

ಅವಳು ಹೇಳಿದ್ದನ್ನು ಮಾಡುವವಳೇ. ಸಂಕವ್ವನಿಗೆ ಅಳು ಬಂತು. “ನಾ ಅಲ್ಲೇ ಅದೀನಲ್ಲ. ನಿನಗ ನಾ ಬ್ಯಾಡೇನು?”

“ನಿನ್ನ ಗುರುತು ನನಗೈತಿ. ಆ ಮನಿ ಗುರುತಿಲ್ಲ. ಮೂಸಿ ನೋಡಿದ್ರ ಬರೇ ಸುಣ್ಣ. ನನ್ನ ತಟ್ಟಿನಾಗೂ ನನ್ನ ವಾಸನಿ ಇಲ್ಲ.”

ಕೊಳೆ ಅಂದುಕೊಂಡು ತಾನು ಬೂದಿಯ ಮನೆಯನ್ನೇ ಒಗೆದು ಹಾಕಿದೆ ಅಂತ ಸಂಕವ್ವನಿಗೆ ಆಗ ಗೊತ್ತಾಯಿತು. ಬಹಳ ಕೆಡುಕೆನಿಸಿತು. ಅವಳನ್ನು ಎತ್ತಿಕೊಂಡು ದಿಬ್ಬ ಹತ್ತಿದಳು.

ಬಾಗಿಲಿಗೆ ಬಂದಾಗ ನೆನಪಾಯಿತು, ಬೆಳಗಿನ ಗಡಿಬಿಡಿಯಲ್ಲಿ ಹೊಸ್ತಿಲಿಗೆ ಅರಿಶಿನ ಹಚ್ಚಿರಲಿಲ್ಲ. ಬಟ್ಟಲು ತಂದು ಕುಳಿತಳು. ಎಡಗೈಯಲ್ಲಿ ಬೂದಿಯನ್ನು ಅವುಚಿಕೊಂಡು, ಬಲಗೈಯಿಂದ ಹೊಸ್ತಿಲಿಗೆ ಅರಿಶಿನ ಸವರತೊಡಗಿದಳು.

“ಅದೇನ ಮಾಡಾಕ ಹತ್ತೀ?” ಬೂದಿ ಕೇಳಿದಳು.

“ಇದು ನಮ್ಮ ಮನಿ ಅಂತ ಮನಿಗೆ ತಿಳೀಬೇಕಲ್ಲ, ಅದಕ್ಕ ಹಚ್ಚಾಕ ಹತ್ತೀನಿ. ದಿನಾ ಹಚ್ಚಬೇಕು. ಇಲ್ಲಂದ್ರ ಬರೇ ಗ್ವಾಡಿ, ಬಾಗಲಾ ಅಷ್ಟ.”

ಬೂದಿ ಬಟ್ಟಲು ಮೂಸಿ ಸೀನಿದಳು. “ನನ್ನ ಹತ್ರ ಅರಿಶಿಣ ಇಲ್ಲ.”

“ನಿನ್ನ ಹತ್ರ ಏನೈತಿ, ಅದನ್ನ ಹಚ್ಚು.”

ಬೂದಿ ಸಂಕವ್ವನ ಕೈಯಿಂದ ಕೆಳಗಿಳಿದಳು. ಬಾಗಿಲ ಚೌಕಟ್ಟಿಗೆ ಕೆನ್ನೆ ಒತ್ತಿ ಮೆಲ್ಲಗೆ ಉಜ್ಜಿದಳು. ಮೂಸಿ ನೋಡಿದಳು. ಸುಣ್ಣದ ನಡುವೆ ತನ್ನದೇ ವಾಸನೆ! ಇನ್ನೊಂದು ಕೆನ್ನೆಯನ್ನೂ ಉಜ್ಜಿದಳು. ಒಳಗೆ ಹೋಗಿ ಒಲೆಗೆ ಉಜ್ಜಿದಳು, ಗಡಿಗೆಗೆ ಉಜ್ಜಿದಳು, ಬೀಸುವ ಕಲ್ಲಿಗೆ ಉಜ್ಜಿದಳು. ಕೊನೆಗೆ ಸಂಕವ್ವನ ಕಾಲಿಗೂ ಉಜ್ಜಿದಳು.

ಆಗ ದಿಬ್ಬದ ಕೆಳಗೆ ದೊಡ್ಡ ಸದ್ದಾಯಿತು. ಹಳೆಯ ಮನೆ ಹೊಳೆಗೆ ಬಿತ್ತು. ಸಂಕವ್ವ ಬೂದಿಯನ್ನೇ ನೋಡಿದಳು. ಬೂದಿಯ ಕಿವಿ ಒಮ್ಮೆ ಅತ್ತ ತಿರುಗಿತು. ಆಮೇಲೆ ಅವಳು ಒಲೆಯ ಪಕ್ಕ ಮುದುರಿಕೊಂಡು ಕಣ್ಣು ಮುಚ್ಚಿದಳು.

ಸಂತೋಷಕ್ಕೆ ಸಂಕವ್ವನ ಕಣ್ಣು ತುಂಬಿ ಬಂತು. ಜಟ್ಟಪ್ಪ ಬುಟ್ಟಿಯನ್ನು ಸದ್ದಿಲ್ಲದೆ ಅಟ್ಟಕ್ಕೆ ಏರಿಸಿದ.

ಎಲ್ಲರಿಗಿಂತ ಹೆಚ್ಚು ನಾಚಿಕೆಯಾಗಿದ್ದು ಮೋಟನಿಗೆ. “ಮಲಗೂಕಿಂತ ಮೊದಲು ಒಂದ ಸಲ ತಿರುಗಿ ನೋಡಿದ್ರ ಆಗ್ತಿತ್ತು,” ಅಂತ ಕೊರಗಿದ. ಅಂದು ಮಲಗುವ ಮುನ್ನ ಒಂದು ಸುತ್ತು ತಿರುಗಿ ನೋಡಿದ. ಸಂಕವ್ವ ಇದ್ದಾಳೆ. ಜಟ್ಟಪ್ಪ ಇದ್ದಾನೆ. ಬೂದಿ ಇದ್ದಾಳೆ. ನಂಬಿಕೆ ಸಾಲದೆ ಮತ್ತೊಂದು ಸುತ್ತು ತಿರುಗಿದ. ಆಮೇಲೆ ಮಲಗಿದ.

ಅವತ್ತಿನಿಂದ ಬೆಕ್ಕು ಬಾಗಿಲಿಗೆ, ಗೋಡೆಗೆ ದಿನಾ ಕೆನ್ನೆ ಉಜ್ಜುತ್ತದೆ. ನಿಮ್ಮ ಕಾಲಿಗೆ ಉಜ್ಜಿದರೆ ನೀವೂ ಅದರ ಮನೆಯೇ ಅಂತ ತಿಳಿಯಿರಿ. ಅವತ್ತಿನಿಂದ ನಾಯಿ ಮಲಗುವ ಮುನ್ನ ಸುತ್ತು ಹಾಕುತ್ತದೆ. ಇದೇನು ಹುಚ್ಚು ಅಂತ ಗದರಿಸಬೇಡಿ. ನೀವು ಒಳಗೆ ಬಂದಿದ್ದೀರಾ ಅಂತ ಅದು ನೋಡಿಕೊಳ್ಳುತ್ತಿದೆ, ನೀವು ಕಾಣಿಸಿದ ಮೇಲೇ ಅದು ಮಲಗುವುದು.